ಏರಿಯಾ ಭಾವ

ಪ್ರವಾಸ ಹೊರಡುವ ಯಾವುದೇ ಮನೆಯಲ್ಲಿ ದುಡ್ಡು ಹಾಕುವವರು ಒಬ್ಬರಿರುತ್ತಾರೆ, ದಾರಿಗೆ ಕೋಡುಬಳೆ ಕರಿಯುವವರು ಒಬ್ಬರಿರುತ್ತಾರೆ, ಟಿಕೆಟ್ ಆದ ಮೇಲೆ ‘ನನ್ನನ್ನ ಬಿಟ್ಟು ನೀವೇ ಹೋಗ್ಬನ್ನಿ’ ಎನ್ನುವವರೂ ಒಬ್ಬರಿರುತ್ತಾರೆ. ಇವರೆಲ್ಲರಿಗೂ ಮೇಲೆ, ಹೋದ ಊರಿನಲ್ಲಿ ಯಾವ ಏರಿಯಾದಲ್ಲಿ ಉಳಿಯಬೇಕು ಎಂದು ನಿಶ್ಚಯಿಸುವವರೊಬ್ಬರು. ನಮ್ಮ ಕುಟುಂಬದಲ್ಲಿ ಈ ಖಾತೆ ಅಕ್ಕನ ಗಂಡನ ಕೈಯಲ್ಲಿದೆ. ಯಾರೂ ಕೊಟ್ಟದ್ದಲ್ಲ. ಕಿತ್ತುಕೊಳ್ಳುವ ಧೈರ್ಯವೂ ಯಾರಿಗೂ ಇಲ್ಲ.

ಭಾವ ಬ್ಯಾಂಕಿನಲ್ಲಿದ್ದವರು. ಗೃಹಸಾಲದ ಅರ್ಜಿ ಬಂದಾಗ ಜಾಗ ನೋಡಿಕೊಂಡು ಬರುವ ಕೆಲಸ ಅವರದಾಗಿತ್ತು. ರಸ್ತೆ ಎಷ್ಟು ಅಗಲ, ಮೋರಿ ಯಾವ ಕಡೆ ಹರಿಯುತ್ತದೆ, ಸ್ಮಶಾನ ಎಷ್ಟು ದೂರ, ಪಕ್ಕದ ಮನೆಯವರು ಕಾಂಪೌಂಡ್ ಎಷ್ಟು ಒತ್ತರಿಸಿದ್ದಾರೆ, ಇದೆಲ್ಲ ನೋಡಿ ನೋಡಿ ಪಳಗಿದ ಕಣ್ಣು. ಬ್ಯಾಂಕು ಅವರನ್ನು ನಿವೃತ್ತಿ ಮಾಡಿತು, ಕಣ್ಣನ್ನು ಮಾಡಲಿಲ್ಲ. ಈಗ ಎರಡು ರಾತ್ರಿ ಮಲಗುವ ರೂಮಿಗೂ ಅವರು ಇಪ್ಪತ್ತು ವರ್ಷದ ಸಾಲ ಕೊಡುವವರ ಹಾಗೆಯೇ ವಿಚಾರಣೆ ನಡೆಸುತ್ತಾರೆ.

‘ಏನು ನೋಡೋದು?’ ಎಂದು ಉಳಿದವರು ಕೇಳುತ್ತಿರುವಾಗ ಭಾವ ಕೇಳುವುದು ‘ಎಲ್ಲಿ ಉಳಿಯೋದು?’ ಎಂದು. ಅದಕ್ಕೆ ಅವರ ಬಳಿ ಲೆಕ್ಕ ಇದೆ. “ತಾಜ್‌ಮಹಲ್ ಮುಂದೆ ಎಷ್ಟು ಹೊತ್ತು ನಿಂತ್ಕೋತೀಯ? ಹೆಚ್ಚಂದ್ರೆ ಒಂದು ಗಂಟೆ. ರೂಮಲ್ಲಿ ಎಷ್ಟು ಹೊತ್ತು ಇರ್ತೀಯ? ಹದಿನಾಲ್ಕು ಗಂಟೆ. ಯಾವುದನ್ನ ಜಾಸ್ತಿ ಯೋಚ್ನೆ ಮಾಡ್ಬೇಕು?” ಇದಕ್ಕೆ ಇಂದಿನವರೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹದಿನಾಲ್ಕು ಗಂಟೆ ರೂಮಿನಲ್ಲಿರುವುದಾದರೆ ಮನೆಯಲ್ಲೇ ಇರಬಹುದಲ್ಲ ಎಂದು ಅಕ್ಕ ಒಮ್ಮೆ ಅಡುಗೆಮನೆಯಿಂದ ಹೇಳಿದ್ದಳು. ಅದು ಸಭೆಯ ನಡಾವಳಿಯಲ್ಲಿ ದಾಖಲಾಗಲಿಲ್ಲ.

ಭಾವ ಒಪ್ಪುವ ಏರಿಯಾದ ಲಕ್ಷಣಗಳು ಹೀಗೆ. ಸ್ಟೇಷನ್ ಹತ್ತಿರ ಇರಬೇಕು, ರೈಲಿನ ಸದ್ದು ಕೇಳಬಾರದು. ದೇವಸ್ಥಾನ ಇರಬೇಕು, ಅದಕ್ಕೆ ಮೈಕು ಇರಬಾರದು. ಆಸ್ಪತ್ರೆ ಕೂಗಳತೆಯಲ್ಲಿರಬೇಕು, ಆಂಬುಲೆನ್ಸ್ ಕೂಗಬಾರದು. ಬಸ್ ಸ್ಟಾಪು ಬಾಗಿಲಲ್ಲೇ ಇರಬೇಕು, ಬಸ್ಸು ಮಾತ್ರ ಆದಷ್ಟು ಬರಬಾರದು. ಇಷ್ಟೆಲ್ಲ ಕೂಡಿಬಂದ ಜಾಗ ಭೂಮಿಯ ಮೇಲೆ ಇಲ್ಲ ಅನ್ನುವಂತಿಲ್ಲ. ಭಾವ ಪ್ರತಿಸಲವೂ ಹುಡುಕಿ ತೆಗೆಯುತ್ತಾರೆ. ಚೆನ್ನೈಗೆ ಹೋದಾಗ ಮೈಲಾಪುರ, ಕಾಶಿಗೆ ಹೋದಾಗ ಹನುಮಾನ್ ಘಾಟ್. ಕೊಲ್ಕತ್ತಕ್ಕೆ ಇನ್ನೂ ಹೋಗಿಲ್ಲ. ಆದರೆ ಅಲ್ಲಿ ಲೇಕ್ ಮಾರ್ಕೆಟ್ ಕಡೆ ದಕ್ಷಿಣದವರಿದ್ದಾರೆಂದು ಈಗಲೇ ಗೊತ್ತು. ಈ ಹೆಸರುಗಳನ್ನೆಲ್ಲ ಒಂದು ಸಾಲಿನಲ್ಲಿಟ್ಟು ನೋಡಿದರೆ ಯಾರಿಗಾದರೂ ಒಂದು ಅನುಮಾನ ಬರುತ್ತದೆ. ಭಾವನಿಗೆ ಬಂದಿಲ್ಲ.

ಮುಂಬೈ ಪ್ರಸ್ತಾಪ ಬಂದದ್ದು ದಸರಾ ರಜೆಗೆ. ಭಾವ ಉಪಗ್ರಹದ ನಕ್ಷೆ ತೆರೆದು, ಕನ್ನಡಕ ಹಣೆಗೇರಿಸಿ, ಊರಿನ ಮೇಲೆ ಬೆರಳಾಡಿಸತೊಡಗಿದರು. ಮಗಳು ಕಾಲೇಜಿನವಳು. ಅವಳಿಗೆ ಕೊಲಾಬಾ ಬೇಕು. ಗೇಟ್‌ವೇ ಆಫ್ ಇಂಡಿಯಾ ಅಲ್ಲೇ, ತಾಜ್ ಹೋಟೆಲ್ ಅಲ್ಲೇ, ಮ್ಯೂಸಿಯಂ ನಡೆದೇ ಹೋಗಬಹುದು. ಭಾವನ ಷರಾ: “ಫಾರಿನರ್ಸ್ ಇರೋ ಕಡೆ ಕಾಫಿಗೆ ರೇಟು ಜಾಸ್ತಿ.” ಬಾಂದ್ರಾ? “ಸಿನಿಮಾದವರು ರಾತ್ರಿ ಮಲಗಲ್ಲ, ನಮ್ಮನ್ನೂ ಮಲಗೋಕೆ ಬಿಡಲ್ಲ.” ಜುಹೂ? ಸಮುದ್ರದ ಗಾಳಿ, ತಮ್ಮ ತಾಯಿಯ ಮಂಡಿನೋವು. ಅಂಧೇರಿಗೆ ಮೆಟ್ರೋ ಇದೆ, ವಿಮಾನ ನಿಲ್ದಾಣ ಹತ್ತಿರ ಎಂದು ಮಗ ಹೇಳಿದ. “ವಿಮಾನ ನಿಲ್ದಾಣದ ಪಕ್ಕ ರೂಮು ಮಾಡಿ, ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗೋದಾ? ಜನ ಏನಂತಾರೆ?”

ಆಮೇಲೆ ತಜ್ಞರ ಸಮಾಲೋಚನೆ. ಹಿಂದೆ ಮುಂಬೈಗೆ ವರ್ಗವಾಗಿ ಹೋಗಿ ಅಲ್ಲೇ ಉಳಿದ ಸಹೋದ್ಯೋಗಿಗಳಿಗೆ ಒಬ್ಬೊಬ್ಬರಾಗಿ ಫೋನು ಹೋಯಿತು. ನನ್ನ ಅಭಿಪ್ರಾಯದಲ್ಲಿ, ಯಾವ ಏರಿಯಾ ಒಳ್ಳೆಯದು ಎಂದು ಆ ಊರಿನವರನ್ನು ಕೇಳುವಷ್ಟು ವ್ಯರ್ಥವಾದದ್ದು ಇನ್ನೊಂದಿಲ್ಲ. ಚೆಂಬೂರಿನವರು ಚೆಂಬೂರೇ ಅಂದರು. ಬೊರಿವಲಿಯವರು, ಹುಲಿ ಸಫಾರಿ ಇದೆ, ಕಾನ್ಹೇರಿ ಗುಹೆ ಇದೆ, ಇನ್ನೇನು ಬೇಕು ಅಂದರು. ವಾಶಿಯವರು ಮುಂಬೈಯನ್ನೇ ಬೈದು, ಖಾರಿಯ ಈಚೆಗೆ ಬಂದುಬಿಡಿ ಎಂದು ಕರೆದರು. ಡೊಂಬಿವಲಿಯವರು ಮಾತ್ರ ಎಲ್ಲರಿಗಿಂತ ಮೃದುವಾಗಿ, “ಫಾಸ್ಟ್ ಲೋಕಲ್ ಸಿಕ್ಕಿದ್ರೆ ವಿಟಿಗೆ ಬರೀ ಒಂದು ಗಂಟೆ ಸಾರ್” ಅಂದರು. ಆ ‘ಸಿಕ್ಕಿದ್ರೆ’ಯಲ್ಲಿ ಅವರ ಸರ್ವೀಸೆಲ್ಲ ಕಳೆದುಹೋಗಿದೆ ಎಂಬುದು ಭಾವನಿಗೆ ಹೊಳೆಯಲಿಲ್ಲ. ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡರು.

ಈ ಸಂಶೋಧನೆಯಲ್ಲಿ ಒಂದು ಸಂಗತಿ ಅವರಿಗೆ ಬಹಳ ಹಿಡಿಸಿತು. ಮುಂಬೈಯ ಹಳೆಯ ನಗರಕ್ಕೆ ಆಟೋ ಬರುವಂತಿಲ್ಲ. ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಾಯನ್, ಅಲ್ಲಿಗೆ ಆಟೋಗಳ ರಾಜ್ಯ ಮುಗಿಯಿತು. ಅದರಿಂದ ದಕ್ಷಿಣಕ್ಕೆ ಕಪ್ಪು–ಹಳದಿ ಟ್ಯಾಕ್ಸಿಗಳದ್ದೇ ಕಾರುಬಾರು. ಬೆಂಗಳೂರಿನಲ್ಲಿ ‘ಮೀಟರ್ ಮೇಲೆ ಇಪ್ಪತ್ತು’ ಎಂಬ ಮಾತು ಕೇಳುತ್ತ ಕೂದಲು ನರೆತ ಮನುಷ್ಯ. “ಆಟೋನೇ ಇಲ್ಲದ ಏರಿಯಾ!” ಎಂದು ಅವರು ಹೇಳಿದ ಧಾಟಿಯಲ್ಲಿ ಒಂದು ಭಕ್ತಿಯಿತ್ತು.

ಮಗಳು ಸುಮ್ಮನೆ ಬಿಡುವವಳಲ್ಲ. ಅಪ್ಪನ ಮಗಳು. ಕಾಗದದ ಮೇಲೆ ಗೆರೆ ಎಳೆದು ತೋರಿಸಿದಳು. “ನೋಡಪ್ಪಾ, ಆಫೀಸಿಗೆ ಹೋಗೋರಲ್ಲಿ ಎಷ್ಟೋ ಜನ ಬೆಳಗ್ಗೆ ಉತ್ತರದಿಂದ ದಕ್ಷಿಣಕ್ಕೆ ಬರ್ತಾರೆ, ಸಾಯಂಕಾಲ ವಾಪಸ್. ನಾವು ದಕ್ಷಿಣದಲ್ಲೇ ಇದ್ರೆ, ಅರ್ಧ ಊರು ನಡೆದೇ ನೋಡ್ಬಹುದು. ಆ ಕಡೆ ಹೋಗ್ಬೇಕಾದ್ರೂ ಬೆಳಗ್ಗೆ ಟ್ರೈನಲ್ಲಿ ಕೂತ್ಕೊಂಡು ಹೋಗ್ಬಹುದು. ಮಧ್ಯದಲ್ಲಿ ಉಳ್ಕೊಂಡ್ರೆ ಆ ರಷ್ಷಲ್ಲಿ ಅಜ್ಜೀನ ಹತ್ತಿಸೋದು ಹೇಗೆ?” ಅಷ್ಟು ಚೆನ್ನಾಗಿ ವಾದ ಮಂಡಿಸಿದವರನ್ನು ನಾನು ನಮ್ಮ ಮನೆಯಲ್ಲಿ ನೋಡಿಲ್ಲ. ಭಾವ ಕಾಗದವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. “ಸರಿಯಾಗೇ ಇದೆ,” ಅಂದರು. ಸ್ವಲ್ಪ ತಡೆದು, “ಆದ್ರೆ ಕಾಫಿ?” ಅಂದರು.

ಕೊನೆಗೆ ವಿಷಯ ಇತ್ಯರ್ಥವಾದದ್ದು ತರ್ಕದಿಂದಲ್ಲ. ಊರಿನ ಮಧ್ಯದಲ್ಲಿರುವ ಮಾಟುಂಗಾದ ಒಂದು ಲಾಡ್ಜಿಗೆ ಭಾವ ಫೋನ್ ಮಾಡಿದರು. ತಮ್ಮ ಹಿಂದಿಯನ್ನೆಲ್ಲ ಕೂಡಿಸಿಕೊಂಡು, “ಉಧರ್ ಏರಿಯಾ ಕೈಸಾ ಹೈ? ರಾತ್ ಮೇ ಸೌಂಡ್ ಹೈ ಕ್ಯಾ?” ಎಂದು ಕೇಳಿದರು. ಆ ಹಿಂದಿಯನ್ನು ಕೇಳಿದ ಆಚೆಯವರಿಗೆ ಜಿಲ್ಲೆ ಗೊತ್ತಾಗದಿದ್ದರೂ ರಾಜ್ಯ ಗೊತ್ತಾಗಿರಬೇಕು. “ನೀವು ಬೆಂಗಳೂರು ಕಡೆಯವರಾ? ಕನ್ನಡದಲ್ಲೇ ಮಾತಾಡಿ ಮಾರಾಯ್ರೆ. ಏರಿಯಾ ಒಳ್ಳೇದುಂಟು. ಬಿಸಿನೀರುಂಟು, ಲಿಫ್ಟುಂಟು, ಕೆಳಗೆ ಮೆಡಿಕಲ್ ಶಾಪುಂಟು. ನಿಮ್ಮ ತಾಯಿಯವ್ರು ಬರ್ತಾರಾ? ಹಾಗಾದ್ರೆ ಒಂದನೇ ಮಾಳಿಗೆ ಕೊಡುವಾ.” ಮ್ಯಾನೇಜರು ಕುಂದಾಪುರದವರು. ಭಾವ ಫೋನಿಟ್ಟಾಗ ಅವರ ಮುಖದಲ್ಲಿ ಅಡಮಾನದ ಪತ್ರಗಳೆಲ್ಲ ಕ್ರಮಬದ್ಧವಾಗಿವೆ ಎಂಬ ತೃಪ್ತಿ ಕಾಣುತ್ತಿತ್ತು. ಮಗಳು ಕಾಗದವನ್ನು ಮಡಿಸಿ ಪುಸ್ತಕದೊಳಗಿಟ್ಟಳು.

ಆಯ್ಕೆಯ ಮೇಲೆ ಸಂಶೋಧನೆಯ ಮುದ್ರೆಯೂ ಬೀಳಬೇಕಲ್ಲ. ಭಾವ ಅದನ್ನೂ ಹುಡುಕಿದರು. ಮುಂಬೈಗೆ 1896ರಲ್ಲಿ ಪ್ಲೇಗು ಬಂತು. ಕಿಕ್ಕಿರಿದ ಊರಿನಿಂದ ಜನರನ್ನು ಗಾಳಿ ಬೆಳಕಿನ ಕಡೆಗೆ ತರಲು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗಾಗಳ ಬಡಾವಣೆಗಳು ಆ ಟ್ರಸ್ಟಿನ ಕೈಕೆಲಸ. ಅತ್ತ ಬೆಂಗಳೂರಿಗೂ ಅದೇ 1898ರಲ್ಲಿ ಪ್ಲೇಗು ಬಂದು ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡವು. ಭಾವ ಹುಟ್ಟಿ ಬೆಳೆದದ್ದು ಮಲ್ಲೇಶ್ವರದಲ್ಲಿ. “ಎರಡೂ ಒಂದೇ ಕಾಯಿಲೆಗೆ ಹುಟ್ಟಿದ ಏರಿಯಾ ಕಣೋ” ಎಂದು ನನಗೆ ಹೇಳುವಾಗ, ದೂರದ ದಾಯಾದಿಯೊಬ್ಬ ಸಿಕ್ಕಿದ ಸಂಭ್ರಮ ಅವರದು.

ಹೋದೆವು. ಮಾಟುಂಗಾ ಭಾವನ ಅಳತೆಗೆ ಹೊಲಿಸಿಟ್ಟ ಹಾಗಿತ್ತು, ಅದನ್ನು ಒಪ್ಪಬೇಕು. ಬೀದಿಯಲ್ಲಿ ಮರಗಳ ಸಾಲು, ಮಾರ್ಕೆಟ್ಟಿನಲ್ಲಿ ಬಾಳೆಎಲೆ, ಮಲ್ಲಿಗೆ ದಂಡೆ, ಕಣ್ಣೆದುರೇ ಬೀಸಿಕೊಡುವ ಕಾಫಿಪುಡಿ. ಸ್ಟೇಷನ್ನಿನ ಹತ್ತಿರವೇ 1942ರಿಂದ ನಡೆಯುತ್ತಿರುವ ರಾಮನಾಯಕರ ಉಡುಪಿ ಬೋರ್ಡಿಂಗ್, ಕಿಂಗ್ಸ್ ಸರ್ಕಲ್ ಕಡೆ 1940ರ ಕೆಫೆ ಮದ್ರಾಸ್. ಭಾವು ದಾಜಿ ರಸ್ತೆಯಲ್ಲಿ 1926ರಷ್ಟು ಹಿಂದೆ ಶುರುವಾದ ಮೈಸೂರು ಅಸೋಸಿಯೇಷನ್. ಅದರ ಬೋರ್ಡು ಕಂಡಾಗ ಭಾವ ಚಪ್ಪಲಿ ಬಿಡುವುದೊಂದು ಬಾಕಿ. ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್ನನ್ನು 2017ರಿಂದ ಮಹಿಳೆಯರೇ ನಡೆಸುತ್ತಾರೆ ಎಂಬುದನ್ನು ಅವರು ಎಷ್ಟು ಹೆಮ್ಮೆಯಿಂದ ವಿವರಿಸಿದರೆಂದರೆ, ಅಕ್ಕ “ಮನೇನೂ ಹಾಗೇ ನಡೀತಿರೋದು” ಎಂದಳು.

ಮೊದಲ ದಿನ ಏರಿಯಾ ಪರಿಚಯಕ್ಕೆ ಹೋಯಿತು. ಎರಡನೆಯ ದಿನ, ಪರಿಚಯವಾದ ಏರಿಯಾದಲ್ಲಿ ಓಡಾಡುವುದಕ್ಕೆ ಹೋಯಿತು. ಭಾವ ಬೆಳಗ್ಗೆ ಐದೂವರೆಗೆ ವಾಕಿಂಗ್ ಹೋಗಿ ಬರುವಷ್ಟರಲ್ಲಿ ಹೂವಿನವಳ ಮಗನ ಎಸೆಸೆಲ್ಸಿ ಅಂಕದವರೆಗೆ ಗೊತ್ತಾಗಿರುತ್ತಿತ್ತು. ಅವರ ತಾಯಿಗೆ ದೇವಸ್ಥಾನದಲ್ಲಿ ಪಾಲ್ಘಾಟಿನ ಹೆಂಗಸೊಬ್ಬರ ಸ್ನೇಹವಾಯಿತು. ಇವರಿಗೆ ಮಲಯಾಳ ಬಾರದು, ಅವರಿಗೆ ಕನ್ನಡ ಬಾರದು. ಸೊಸೆಯರ ವಿಷಯಕ್ಕೆ ಭಾಷೆ ಬೇಕಾಗಲಿಲ್ಲ. ಮಗ ಇಡ್ಲಿ ತಿಂದ, ದೋಸೆ ತಿಂದ, ಬಿಸಿಬೇಳೆಬಾತ್ ತಿಂದ. ಮೂರನೆಯ ಹೊತ್ತಿಗೆ “ಅಪ್ಪಾ, ವಡಾಪಾವ್ ಈ ಊರಲ್ಲೇ ಅಲ್ವಾ ಸಿಗೋದು?” ಎಂದು ಕೇಳಿದ. ಭಾವ ಅವನನ್ನು ಕನಿಕರದಿಂದ ನೋಡಿದರು.

ಎಲಿಫೆಂಟಾ ಗುಹೆಗೆ ಭಾನುವಾರ ಹೋಗುವುದೆಂದು ಮಗಳು ನಿಶ್ಚಯಿಸಿದ್ದಳು. ಶನಿವಾರ ರಾತ್ರಿ ಭಾವ ಪೇಪರು ಮಡಿಸಿ ಘೋಷಿಸಿದರು: ನಾಳೆ ಮೆಗಾ ಬ್ಲಾಕ್. ಭಾನುವಾರಗಳಲ್ಲಿ ಹಳಿ ದುರಸ್ತಿಗೆಂದು ಹಗಲು ಕೆಲವು ಗಂಟೆ ಲೋಕಲ್‌ಗಳನ್ನು ನಿಲ್ಲಿಸುವುದು, ಬೇರೆ ಹಳಿಗೆ ತಿರುಗಿಸುವುದು ಮುಂಬೈಯ ಪದ್ಧತಿ. ಮಾಟುಂಗಾದಿಂದ ಮುಲುಂಡ್‌ವರೆಗೆ ಎಂಬ ಸಾಲು ಆ ಪ್ರಕಟಣೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಾವು ಹೋಗಬೇಕಾದದ್ದು ಅದರ ವಿರುದ್ಧ ದಿಕ್ಕಿಗೆ ಎಂದು ಮಗಳು ಹೇಳಿ ನೋಡಿದಳು. “ಬ್ಲಾಕ್ ಅಂದ್ರೆ ಬ್ಲಾಕ್. ನಾಳೆ ಆರಾಮಾಗಿ ಏರಿಯಾದಲ್ಲೇ ಇರೋಣ. ಸೋಮವಾರ ಹೋದ್ರೆ ರಷ್ಷೂ ಇರಲ್ಲ.”

ಸೋಮವಾರ ಬೆಳಗ್ಗೆ ಮಾಟುಂಗಾ ಸ್ಟೇಷನ್ನಿನಲ್ಲಿ ಕಂಡ ದೃಶ್ಯವನ್ನು ನಾನು ವರ್ಣಿಸುವುದಿಲ್ಲ. ಮಗಳು ಕಾಗದದ ಮೇಲೆ ಎಳೆದ ಗೆರೆ ಜೀವ ತಳೆದು ಬಾಗಿಲಲ್ಲಿ ಜೋತಾಡುತ್ತಿತ್ತು. ಮೂರು ಲೋಕಲ್ ಬಂದವು, ಮೂರೂ ಹೋದವು. ಭಾವನ ತಾಯಿ ಪ್ರತಿಯೊಂದಕ್ಕೂ ಕೈಮುಗಿದರು. ಹೊರಗೆ ಬಂದು ಎರಡು ಟ್ಯಾಕ್ಸಿ ಹಿಡಿದೆವು. ಬೈಕಲಾದಲ್ಲಿ ನಿಂತೆವು, ಕ್ರಾಫರ್ಡ್ ಮಾರ್ಕೆಟ್ಟಿನ ಹತ್ತಿರ ಇನ್ನೂ ಚೆನ್ನಾಗಿ ನಿಂತೆವು. ಮೀಟರು ಮಾತ್ರ ನಿಲ್ಲಲಿಲ್ಲ. ಅಂತೂ ಗೇಟ್‌ವೇ ಮುಂದೆ ಇಳಿದಾಗ ಸಮುದ್ರ ಹೊಳೆಯುತ್ತಿತ್ತು, ದೋಣಿಗಳು ಸಾಲಾಗಿ ಆಡುತ್ತಿದ್ದವು. ಭಾವ ಟಿಕೆಟ್ ಕಿಟಕಿಗೆ ಹೋಗಿ ಹಿಂದಿ ಶುರುಮಾಡಿದರು. ಒಳಗಿದ್ದವನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಎಲಿಫೆಂಟಾ ಗುಹೆಗೆ ಸೋಮವಾರ ರಜೆ.

ಸುತ್ತ ಮೌನ. ಅಕ್ಕ ಭಾವನನ್ನು ನೋಡಿದಳು. ಮಗಳು ತಾಜ್ ಹೋಟೆಲಿನ ಕಡೆ ನೋಡಿದಳು. ಇಷ್ಟು ಡೈರಿ ಬರೆದ ಮನುಷ್ಯ, ನೀರು ನಿಲ್ಲುವ ರಸ್ತೆಯಿಂದ ಹಿಡಿದು ರಾತ್ರಿ ತೆರೆದಿರುವ ಔಷಧಿ ಅಂಗಡಿಯವರೆಗೆ ಬರೆದ ಮನುಷ್ಯ, ನೋಡುವ ಜಾಗದ ವಾರದ ರಜೆಯನ್ನು ಮಾತ್ರ ನೋಡಿರಲಿಲ್ಲ. ಭಾವ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಕೊಂಚವೂ ಅಳುಕಿಲ್ಲದೆ ಅಂದರು:

“ನೋಡಿದ್ಯೇನೋ? ಇದಕ್ಕೇ ನಾನು ಹೇಳೋದು, ಉಳ್ಕೊಳ್ಳೋ ಏರಿಯಾ ಚೆನ್ನಾಗಿರ್ಬೇಕು ಅಂತ. ನಡೀರಿ, ಊಟದ ಹೊತ್ತಿಗೆ ಮಾಟುಂಗಾ ಸೇರ್ಕೊಳ್ಳೋಣ.”