ಬ್ಯಾಟ್‌ಮನ್ ಕೊಲ್ಲೋದಿಲ್ಲ, ಭಾವ

ವಿಡಿಯೋ ಗೇಮ್ ಆಡುವವರಲ್ಲೂ ಮಡಿವಂತರಿದ್ದಾರೆ. ಬಸ್ಸಿನಲ್ಲಿ ನಿಂತು ಮೊಬೈಲಿನಲ್ಲಿ ಢಂ ಢಂ ಅನ್ನಿಸುವವರನ್ನು ಕಂಡರೆ ಇವರಿಗೆ ಮೈಲಿಗೆ. ಇವರಿಗೆ ಕಥೆ ಬೇಕು, ಪಾತ್ರ ಬೇಕು, ಪಾತ್ರಕ್ಕೊಂದು ತೀರದ ದುಃಖ ಬೇಕು. ನನ್ನ ಭಾಮೈದ ಈ ಮಠದ ಪೀಠಾಧಿಪತಿ. ಶನಿವಾರ ಬಂತೆಂದರೆ ಪ್ಲೇಸ್ಟೇಷನ್ನನ್ನು ಚೀಲಕ್ಕೆ ತುರುಕಿಕೊಂಡು ನಮ್ಮ ಮನೆಗೆ ಬರುತ್ತಾನೆ. ನಮ್ಮ ಟಿವಿ ದೊಡ್ಡದು. ತಮ್ಮ ತನ್ನನ್ನು ನೋಡಲು ಬರುತ್ತಾನೆಂದು ನನ್ನ ಹೆಂಡತಿ ನಂಬಿದ್ದಾಳೆ.

ಒಂದು ಶನಿವಾರ 2015ರ ‘ಅರ್ಕಮ್ ನೈಟ್’ ನಡೆದಿತ್ತು. ಬ್ಯಾಟ್‌ಮನ್ ಸುರಿಯುವ ಮಳೆಯಲ್ಲಿ ಮಾಳಿಗೆಯಿಂದ ಹಾರಿ ಒಬ್ಬನ ಎದೆಗೆ ಒದ್ದ, ಇನ್ನೊಬ್ಬನ ತೋಳು ಮುರಿದ, ಮೂರನೆಯವನ ಮೇಲೆ ಕಾರು ನುಗ್ಗಿಸಿದ.

“ಅಯ್ಯೋ, ಸತ್ತ!” ಅಂದೆ.

ಭಾಮೈದ ಆಟ ನಿಲ್ಲಿಸಿದ. “ಬ್ಯಾಟ್‌ಮನ್ ಯಾರನ್ನೂ ಕೊಲ್ಲೋದಿಲ್ಲ, ಭಾವ.”

“ಕಾರು ಹತ್ತಿಸಿದನಲ್ಲೋ!”

“ಹತ್ತಿಸಲಿಲ್ಲ. ಆ ಕಾರು ಶಾಕ್ ಹೊಡೆದು ಪಕ್ಕಕ್ಕೆ ಎಸೆಯುತ್ತೆ.”

“ಗುಂಡು ಹೊಡೀತಲ್ಲ?”

“ಮನುಷ್ಯರಿಗೆ ಹೊಡೆಯೋದು ರಬ್ಬರ್ ಗುಂಡು.”

ನನ್ನ ಮುಖದಲ್ಲಿ ನಂಬಿಕೆ ಕಾಣಲಿಲ್ಲವೇನೋ, ಸಾಕ್ಷಿಗೆಂದು ಆ ಗೇಮ್ ಬಿಟ್ಟು 2009ರ ‘ಅರ್ಕಮ್ ಅಸೈಲಮ್’ ತೆರೆದ. ಅಲ್ಲೊಬ್ಬನಿಗೆ ನಾಲ್ಕು ಬಾರಿಸಿ ಕೆಡವಿ, ಬ್ಯಾಟ್‌ಮನ್ನನ ಪತ್ತೇದಾರಿ ಕಣ್ಣಿನಿಂದ ತೋರಿಸಿದ. ಬಿದ್ದವನ ಎಲುಬುಗೂಡು ಕಾಣುತ್ತಿತ್ತು, ಪಕ್ಕದಲ್ಲಿ ‘ಪ್ರಜ್ಞೆ ತಪ್ಪಿದೆ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. “ಓದಿ ಭಾವ, ಜೋರಾಗಿ ಓದಿ.” ಓದಿದೆ. ಸುಮ್ಮನಿರಬಹುದಿತ್ತು. ಆದರೆ ಮೂಳೆ ಮುರಿದುಕೊಂಡವನು ಮೊದಲಿನ ಆಟದ ಆ ಮಳೆಯಲ್ಲಿ ರಾತ್ರಿಯಿಡೀ ಬಿದ್ದಿದ್ದರೆ ಬೆಳಗ್ಗೆ ಏನಾಗಿರುತ್ತಾನೆ ಎಂದು ಕೇಳಿಬಿಟ್ಟೆ. ಅಲ್ಲಿಂದ ಶುರುವಾದ ಪ್ರವಚನ ಕಾಫಿ ಆರಿ, ಮತ್ತೆ ಬಿಸಿಯಾಗಿ, ಮತ್ತೆ ಆರುವವರೆಗೂ ನಡೆಯಿತು. ಅಡುಗೆಮನೆಯಿಂದ ಬೈಗುಳ ಬಂದದ್ದು ಮಾತ್ರ ನನಗೆ: “ಪಾಪ, ಅವನನ್ನ ಯಾಕ್ರೀ ಗೋಳು ಹೊಯ್ಕೋತೀರಿ?”

2020ರ ‘ಅವೆಂಜರ್ಸ್’ ಅವನ ಪ್ರಕಾರ ಗೇಮೇ ಅಲ್ಲ, ಅಂಗಡಿ. 2023ರಲ್ಲಿ ಅದರ ಮಾರಾಟ ನಿಂತಾಗ ಮೈಸೂರುಪಾಕು ತಂದಿದ್ದ. 2018ರ ‘ಸ್ಪೈಡರ್‌ಮ್ಯಾನ್’ ಬಿಡುಗಡೆಗೆ ಮೊದಲು, ಹಿಂದಿನ ವರ್ಷ ತೋರಿಸಿದ್ದಕ್ಕಿಂತ ನೀರಿನ ಹೊಂಡಗಳು ಚಿಕ್ಕವಾಗಿವೆ ಎಂದು ಜಗತ್ತಿನ ಅಭಿಮಾನಿಗಳು ಗಲಾಟೆ ಎಬ್ಬಿಸಿದ್ದರು. ತಯಾರಕರು ಆಮೇಲೆ ಫೋಟೋಗೆ ಅಂಟಿಸಿಕೊಳ್ಳಲು ಹೊಂಡದ ಸ್ಟಿಕರನ್ನೇ ಕೊಟ್ಟು ಗೇಲಿ ಮಾಡಿದರು. ಆ ಗಲಾಟೆಯಲ್ಲಿ ಇವನೂ ಇದ್ದ. ನಮ್ಮ ಗೇಟಿನ ಮುಂದಿನ ಹೊಂಡವನ್ನು ವರ್ಷಗಳಿಂದ ದಾಟಿಯೇ ಒಳಗೆ ಬರುತ್ತಾನೆ, ಅದರ ಅಳತೆಯ ಬಗ್ಗೆ ಅವನದೇನೂ ತಕರಾರಿಲ್ಲ.

ಅರ್ಕಮ್‌ನ ಬ್ಯಾಟ್‌ಮನ್ನನಿಗೆ ದನಿಯಾಗಿದ್ದ ಕೆವಿನ್ ಕಾನ್‌ರಾಯ್ 2022ರ ನವೆಂಬರಿನಲ್ಲಿ ತೀರಿಕೊಂಡರು. ಆ ಶನಿವಾರ ಭಾಮೈದ ಯಾರಿಗೂ ಒದೆಯಲಿಲ್ಲ. ಬ್ಯಾಟ್‌ಮನ್ನನನ್ನು ಒಂದು ಕಟ್ಟಡದ ಅಂಚಿನಲ್ಲಿ ನಿಲ್ಲಿಸಿ ಸುಮ್ಮನೆ ಕೂತ. ಕೆಳಗೆ ಗೂಂಡಾಗಳು ನೆಮ್ಮದಿಯಾಗಿ ಓಡಾಡಿಕೊಂಡಿದ್ದರು. ಕರೆಂಟ್ ಬಿಲ್ಲಿನ ಮಾತು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. 2006ರಲ್ಲಿ ರಾಜ್‌ಕುಮಾರ್ ಹೋದಾಗ ನಾನೂ ಒಂದು ಕ್ಯಾಸೆಟ್ ಕೈಯಲ್ಲಿ ಹಿಡಿದು, ಹಾಕಲಾರದೆ ಹೀಗೇ ಕೂತಿದ್ದೆ.

ಕಥೆಯನ್ನು ಮುಂಚೆಯೇ ಹೇಳಿಬಿಡುವುದು ಅವನ ಶಾಸ್ತ್ರದಲ್ಲಿ ಮಹಾಪಾಪ. ಆಡುವ ಕಂಟ್ರೋಲರನ್ನು ಬೇರೆಯವರ ಕೈಗೆ ಕೊಡುವುದೂ ಹೆಚ್ಚುಕಡಿಮೆ ಹಾಗೆಯೇ. ಆದರೂ ಕಳೆದ ವಾರ, 2013ರ ‘ದಿ ಲಾಸ್ಟ್ ಆಫ್ ಅಸ್’ ಕೊನೆಯಲ್ಲಿ, ಸಾಕುಮಗಳಂಥ ಹುಡುಗಿಯನ್ನು ಉಳಿಸಲು ನಾಯಕ ಜೋಯೆಲ್ ಆಪರೇಷನ್ ಕೋಣೆಗೆ ನುಗ್ಗಿದಾಗ, ಕಂಟ್ರೋಲರ್ ನನ್ನ ತೊಡೆಯ ಮೇಲಿಟ್ಟ. “ನೀವೇ ಒತ್ತಿ ಭಾವ.”

ಎದುರಿಗೆ ಚಾಕು ಹಿಡಿದು ನಡುಗುವ ಡಾಕ್ಟರು. “ಬೇರೆ ದಾರಿ ಇಲ್ವೇನೋ?”

“ಇಲ್ಲ. ಒತ್ತದೆ ಕಥೆ ಮುಂದೆ ಹೋಗಲ್ಲ.”

ಒತ್ತಿದೆ. ಡಾಕ್ಟರು ಬಿದ್ದ.

“ಅವನಿಗೊಬ್ಬಳು ಮಗಳಿದ್ದಾಳೆ ಭಾವ. ಎರಡನೇ ಭಾಗದಲ್ಲಿ ಅವಳು ಬಂದು…” ಎಂದವನು ನಾಲಿಗೆ ಕಚ್ಚಿಕೊಂಡ.

“ಬಂದು ಏನು ಮಾಡ್ತಾಳೋ?”

“ಹೇಳಲ್ಲ.”

ಭಾನುವಾರದಿಂದ ಮೂರು ಸಲ ಫೋನ್ ಮಾಡಿದ್ದೇನೆ. ಎತ್ತುತ್ತಿಲ್ಲ.