12 ಜನ, 14 ದಿನ, ಅರ್ಧ ಲೀಟರ್ ಹಾಲು

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆ. ಆಚೆ ರಿಟೈರಾದ ಟೀಚರಮ್ಮ, ಈಚೆ ನಾನು. ಬೆಳಿಗ್ಗೆ ಆರೂವರೆಗೆ ಇಬ್ಬರೂ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಹೊರಗೆ ಬರುತ್ತೇವೆ. ಅವರು ಒಳಗೆ ಹೋಗಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆಯುತ್ತಾರೆ. ನನಗೆ ಆ ಅಭ್ಯಾಸವಿಲ್ಲ. ತಿಂಗಳ ಕೊನೆಗೆ ಹಾಲಿನವನು ಹೇಳಿದಷ್ಟು ಕೊಡುತ್ತೇನೆ. ಇಪ್ಪತ್ತು ವರ್ಷ ಬ್ಯಾಂಕುಗಳ ಲೆಕ್ಕಕ್ಕೆ ಪ್ರೋಗ್ರಾಂ ಬರೆದವನಿಗೆ ಸ್ವಂತ ಮನೆಯ ಹಾಲಿನ ಲೆಕ್ಕ ಗೊತ್ತಿಲ್ಲ ಅಂದರೆ ಮರ್ಯಾದೆಯ ಪ್ರಶ್ನೆ. ಒಂದು ದಿನ ಗೋಡೆಗೆ ಮೊಣಕೈ ಊರಿ ಹೇಳಿಯೇಬಿಟ್ಟೆ: "ಟೀಚರ್, ಹಾಲಿನ ಲೆಕ್ಕಕ್ಕೆ ನಾನೊಂದು ಆ್ಯಪ್ ಮಾಡ್ತೀನಿ."

"ಗೀಟಿಗೆ ಏನಾಗಿತ್ತು?" ಅಂದರು.

ಆಂಡ್ರಾಯ್ಡ್ ಫೋನನ್ನು ಈ ಕೆಲಸಕ್ಕೆ ಒಗ್ಗಿಸಬೇಕಾದರೆ ಸೆಟ್ಟಿಂಗ್ಸ್ ಒಳಗೆ ‘ಬಿಲ್ಡ್ ನಂಬರ್’ ಅನ್ನುವುದನ್ನು ಹುಡುಕಿ ಏಳು ಸಲ ಕುಟ್ಟಬೇಕು. ಏಳನೆಯ ಏಟಿಗೆ ‘ನೀವೀಗ ಡೆವಲಪರ್’ ಅಂತ ಫೋನೇ ಆಶೀರ್ವಾದ ಮಾಡುತ್ತದೆ. ಟೀಚರಮ್ಮ ಕೇಳಿ ನಕ್ಕರು. "ಸಪ್ತಪದಿ ಅನ್ನು. ಏಳು ಹೆಜ್ಜೆ ಯಾರು ಬೇಕಾದರೂ ಇಡ್ತಾರೆ ಕಣಪ್ಪ, ಕಷ್ಟ ಇರೋದು ಆಮೇಲಿನ ಸಂಸಾರದಲ್ಲಿ."

ಸಂಸಾರ ಶುರುವಾಯಿತು. ನನಗೆ ಬರುತ್ತಿದ್ದದ್ದು ಜಾವಾ. ಆದರೆ ಗೂಗಲ್‌ನವರು 2017ರಲ್ಲಿ ಕಾಟ್ಲಿನ್ ಭಾಷೆಯನ್ನು ಆಂಡ್ರಾಯ್ಡ್‌ಗೆ ಮನೆತುಂಬಿಸಿಕೊಂಡು, 2019ರಿಂದ ಮೊದಲ ಮಣೆಯನ್ನು ಅದಕ್ಕೇ ಹಾಕಿದ್ದಾರೆ. ಜಾವಾ ಇಂಡೊನೇಷ್ಯಾದ ದ್ವೀಪದ ಹೆಸರು, ಕಾಟ್ಲಿನ್ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಹತ್ತಿರದ ದ್ವೀಪದ ಹೆಸರು. ಹನುಮಂತನಿಗೆ ಬಾಲವಾದರೂ ಇತ್ತು. ನಾನು ಸೊಂಟನೋವು ಹೊತ್ತುಕೊಂಡು ದ್ವೀಪದಿಂದ ದ್ವೀಪಕ್ಕೆ ಹಾರಬೇಕಾಯಿತು. ಅಂತೂ ಒಂದಷ್ಟು ಭಾನುವಾರಗಳು ಹಾಳಾಗಿ ಆ್ಯಪ್ ನನ್ನ ಫೋನಿನಲ್ಲಿ ಓಡಿತು.

ಇನ್ನು ಅಂಗಡಿಗೆ ಹಾಕಬೇಕಲ್ಲ. ಗೂಗಲ್ ಪ್ಲೇಯಲ್ಲಾದರೆ ಒಂದೇ ಸಲ 25 ಡಾಲರ್. ಆಪಲ್‌ನವರಿಗೆ ವರ್ಷವರ್ಷವೂ 99 ಡಾಲರ್. "ಒಂದು ಕಡೆ ಪಗಡಿ, ಇನ್ನೊಂದು ಕಡೆ ಬಾಡಿಗೆ," ಅಂತ ಟೀಚರಮ್ಮ ಲೆಕ್ಕ ಮುಗಿಸಿದರು. ನಾನು ಪಗಡಿ ಕಟ್ಟಿದೆ.

ಕಟ್ಟಿದ ಮೇಲೆ ತಿಳಿಯಿತು ಅಸಲಿ ಷರತ್ತು. 2023ರ ನವೆಂಬರ್ ಮಧ್ಯದ ನಂತರ ವೈಯಕ್ತಿಕ ಖಾತೆ ತೆರೆದವರು ಆ್ಯಪನ್ನು ನೇರವಾಗಿ ಊರಿಗೆಲ್ಲ ಹಂಚುವಂತಿಲ್ಲ. ಮೊದಲು ಒಂದಷ್ಟು ಜನ ಪರೀಕ್ಷಕರಾಗಲು ಒಪ್ಪಿ, 14 ದಿನ ಕೈಬಿಡದೆ ಜೊತೆಗಿರಬೇಕು. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರಿನಲ್ಲಿ ಅದನ್ನು 12ಕ್ಕೆ ಇಳಿಸಿದರು. ಇಳಿಸಿದರೂ ಹನ್ನೆರಡು! ಹನ್ನೊಂದು ವರ್ಷದಿಂದ ಈ ಬೀದಿಯಲ್ಲಿದ್ದೇನೆ. ಹೆಸರು ಹಿಡಿದು ಕರೆಯುವಷ್ಟು ಸಲಿಗೆ ನಾಲ್ಕು ಮನೆಯವರ ಜೊತೆ, ಅದರಲ್ಲೂ ಒಂದು ಮನೆಯಲ್ಲಿ ನನಗೆ ಗೊತ್ತಿದ್ದದ್ದು ನಾಯಿಯ ಹೆಸರು ಮಾತ್ರ.

"ಚಪ್ಪಲಿ ಹಾಕ್ಕೊ," ಅಂದರು ಟೀಚರಮ್ಮ. ಎಳ್ಳು ಬೀರುವವರ ಹಾಗೆ ಮನೆಮನೆ ಹತ್ತಿ ಇಳಿದೆವು. ಬೀದಿಯ ಅರ್ಧ ಜನ ಅವರ ಕೈಯಲ್ಲಿ ಮಗ್ಗಿ ಕಲಿತವರು. ಇಲ್ಲ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಇಸ್ತ್ರಿ ಅಂಗಡಿಯವನು ಸೇರಿದ, ಪಿಜಿಯ ಹುಡುಗರು ಸೇರಿದರು. ಹನ್ನೆರಡನೆಯವನು ಹಾಲಿನವನೇ. ತನ್ನ ಮೇಲೇ ಲೆಕ್ಕ ಇಡುವ ಆ್ಯಪ್ ಅಂತ ಗೊತ್ತಿದ್ದೂ ಹಾಕಿಕೊಂಡ, ಪುಣ್ಯಾತ್ಮ.

ಮೂರನೆಯ ಬೆಳಿಗ್ಗೆ ಗೋಡೆಯಾಚೆಯಿಂದ ದೂರು: "ಏನಪ್ಪಾ, ನಿನ್ನ ಆ್ಯಪ್‌ಗೆ ತಲೆ ತಿರುಗುತ್ತೆ." ಹಾಸಿಗೆಯಲ್ಲಿ ಒರಗಿಕೊಂಡು ಫೋನನ್ನು ಅಡ್ಡ ಹಿಡಿದರಂತೆ, ಬರೆದಿದ್ದ ಅರ್ಧ ಲೀಟರ್ ಮಾಯ. ತಪ್ಪು ನನ್ನದೇ. ಫೋನ್ ಅಡ್ಡಡ್ಡ ತಿರುಗಿದರೆ ಆಂಡ್ರಾಯ್ಡ್ ಆ ಪರದೆಯನ್ನು ಪೂರ್ತಿ ಕೆಡವಿ ಹೊಸದಾಗಿ ಕಟ್ಟುತ್ತದೆ. ವಾಸ್ತುವಿಗಾಗಿ ಬಾಗಿಲು ಉತ್ತರಕ್ಕೆ ತಿರುಗಿಸಪ್ಪಾ ಅಂದರೆ ಮನೆಯನ್ನೇ ಉರುಳಿಸುವ ಮೇಸ್ತ್ರಿಯ ಹಾಗೆ. ಸಾಮಾನನ್ನು ಮೊದಲೇ ಪಕ್ಕದ ಮನೆಯಲ್ಲಿ ಇಟ್ಟು ಬರಬೇಕು. ಆ ಪಕ್ಕದ ಮನೆಗೆ ನಮ್ಮವರು ‘ವ್ಯೂಮಾಡೆಲ್’ ಅನ್ನುತ್ತಾರೆ. ನಾನು ಫೋನನ್ನು ನೆಟ್ಟಗೆ ಹಿಡಿಯುವವನು, ಇದೊಂದೂ ಹೊಳೆದಿರಲಿಲ್ಲ.

ಎರಡು ದಿನ ಕಳೆದು ಇನ್ನೊಂದು: "ಹಬ್ಬದ ದಿನ ಪಾಯಸಕ್ಕೆ ಎರಡು ಪ್ಯಾಕೆಟ್ ಜಾಸ್ತಿ ತಗೋತೀವಿ. ಅದನ್ನ ಎಲ್ಲಿ ಬರೀಲಿ?" ಬರೆಯಲು ಜಾಗವೇ ಇರಲಿಲ್ಲ. ನನ್ನ ಆ್ಯಪಿನಲ್ಲಿ ವರ್ಷವಿಡೀ ಹಬ್ಬವೇ ಬರುತ್ತಿರಲಿಲ್ಲ.

ಹದಿನಾಲ್ಕು ದಿನ ದಾಟಿತು. ಅನುಮತಿ ಕೇಳುವ ಅರ್ಜಿಯಲ್ಲಿ ಪ್ರಶ್ನೆಗಳು: ಪರೀಕ್ಷಕರು ಹೇಗೆ ಬಳಸಿದರು, ಏನು ಹೇಳಿದರು, ನೀವು ಏನು ಬದಲಾಯಿಸಿದಿರಿ? ನಾನು ಪೇಚಾಡುತ್ತಿದ್ದರೆ ಟೀಚರಮ್ಮ ಕ್ಯಾಲೆಂಡರನ್ನೇ ಮೊಳೆಯಿಂದ ಬಿಚ್ಚಿ ತಂದು ಗೋಡೆಯ ಮೇಲೆ ಹರಡಿದರು. ಹಾಲಿನ ಗೀಟಿನ ಪಕ್ಕ ಕೆಂಪು ಶಾಯಿಯಲ್ಲಿ ಹನ್ನೆರಡೂ ಜನರ ಹಾಜರಿ. ಯಾರು ತೆರೆದರು, ಯಾರು ಗೈರು, ಯಾರು ಏನೆಂದು ಗೊಣಗಿದರು, ಎಲ್ಲಾ ಇತ್ತು. ಅದನ್ನೇ ನೋಡಿ ಅರ್ಜಿ ತುಂಬಿದೆ. ಒಪ್ಪಿಗೆಯೂ ಬಂತು.

ಮರುದಿನ ಬೆಳಿಗ್ಗೆ ಅವರ ಕೈಯಲ್ಲಿ ಮತ್ತೆ ಪೆನ್ನು. "ಆ್ಯಪ್ ಬಂತಲ್ಲ ಟೀಚರ್, ಇನ್ನೂ ಯಾಕೆ ಗೀಟು?"

"ಅದು ಲೆಕ್ಕ ಸರಿಯಾಗಿ ಇಡುತ್ತಾ ಅಂತ ನೋಡೋಕ್ಕೆ ಏನಾದ್ರೂ ಬೇಕಲ್ಲಪ್ಪಾ," ಅಂದರು.