ಪಾಸ್‌ವರ್ಡ್ ಮೀಮಾಂಸೆ: ಸ್ವಯಂಸೇವಾ ಸಂಸ್ಥೆಯ ದತ್ತಾಂಶ ಸಂರಕ್ಷಣೆಯ ಬಹುಆಯಾಮಿ ಪರಿಪ್ರೇಕ್ಷ್ಯ

ತಾಲ್ಲೂಕು ಮಟ್ಟದ ಸ್ವಯಂಸೇವಾ ಸಂಸ್ಥೆಯ ಜ್ಞಾನಮೀಮಾಂಸೆಯನ್ನು ಅದರ ಏಕೈಕ ಲ್ಯಾಪ್‌ಟಾಪಿನ ಪಾಸ್‌ವರ್ಡಿನಿಂದಲೇ ಆರಂಭಿಸತಕ್ಕದ್ದೆಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಭಾಟ್ಟ ಮೀಮಾಂಸಕರು ಅರಿವಿಗೆ ಆರು ಪ್ರಮಾಣಗಳನ್ನು ಒಪ್ಪುತ್ತಾರೆ; ಪಾಸ್‌ವರ್ಡೂ ಇವುಗಳಿಂದಲೇ ಪ್ರಾಪ್ಯ. ಪ್ರತ್ಯಕ್ಷವೆಂದರೆ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿ. ಅನುಮಾನವೆಂದರೆ, ಎಲ್ಲೆಲ್ಲಿ ಸಂಸ್ಥೆಯ ಹೆಸರಿದೆಯೋ ಅಲ್ಲಲ್ಲಿ ಒಂದು-ಎರಡು-ಮೂರು ಇದ್ದೇ ಇರುತ್ತದೆಂಬ ವ್ಯಾಪ್ತಿಜ್ಞಾನ. ಶಬ್ದಪ್ರಮಾಣವೆಂದರೆ ಲೆಕ್ಕ ಬರೆಯುವವರು ಒಳಕೋಣೆಯಿಂದ ಬೀದಿಗೂ ಕೇಳುವಂತೆ ಕೂಗಿ ಹೇಳುವ ಆಪ್ತವಾಕ್ಯ. ಅನುಪಲಬ್ಧಿಯಿಂದ ತಿಳಿಯುವುದು ಬ್ಯಾಕಪ್: ಹಾರ್ಡ್‌ಡಿಸ್ಕ್ ಕೆಟ್ಟ ದಿನವಷ್ಟೇ ಅದರ ಅಭಾವ ಸಾಕ್ಷಾತ್ಕಾರವಾಗುತ್ತದೆ. ಉಪಮಾನಕ್ಕೂ ಅರ್ಥಾಪತ್ತಿಗೂ ಉದಾಹರಣೆ ಹೊಂದಿಸಬಹುದಿತ್ತು. ಆದರೆ ಸಾಮರ್ಥ್ಯವರ್ಧನಾ ಕಾರ್ಯಾಗಾರಗಳಲ್ಲಿ ಐದನೆಯ ಅಂಶ ಪರದೆಗೆ ಬರುವಷ್ಟರಲ್ಲಿ ಸಭೆ ಊಟಕ್ಕೆ ಎದ್ದಿರುತ್ತದಾದ್ದರಿಂದ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ.

ಆ ಕಾರ್ಯಾಗಾರಗಳ ಪರಿಭಾಷೆಯೇ ಒಂದು ಅಭೇದ್ಯ ಭದ್ರತಾ ವ್ಯವಸ್ಥೆ ಎಂಬುದನ್ನು ದಾಖಲಿಸಲೇಬೇಕು. ‘ಬಹುಸ್ತರೀಯ ಭಾಗೀದಾರ-ಕೇಂದ್ರಿತ ಸೈಬರ್ ಸ್ಥಿತಿಸ್ಥಾಪಕತ್ವದ ಸಮಗ್ರ ಚೌಕಟ್ಟು’ ಎಂಬ ಪದಪುಂಜದಿಂದ ಒಂದು ತೊಟ್ಟು ಅರ್ಥವಾದರೂ ಹೊರಗೆ ಸೋರಿದ ನಿದರ್ಶನವಿಲ್ಲ. ಚೌಕಟ್ಟು ಗೋಡೆಯ ಮೇಲೆ ಬೆಳಗುತ್ತಿರುವಾಗ ಪಕ್ಕದ ಕಬ್ಬಿಣದ ಬೀರುವಿನಲ್ಲಿ ಸ್ವಸಹಾಯ ಸಂಘದ ಹೆಂಗಸರ ಆಧಾರ್ ಜೆರಾಕ್ಸ್, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಮೊದಲ ಪುಟ, ಎರಡೆರಡು ಫೋಟೊ, ಯೋಜನೆ ಮುಗಿದು ವರ್ಷಗಳಾದರೂ ಕಟ್ಟು ಬಿಚ್ಚದೆ ಕೂತಿರುತ್ತವೆ. ನಮ್ಮ ಸಿದ್ಧಾಂತ ಇಷ್ಟೇ: ಇಸಕೊಳ್ಳದೇ ಇದ್ದದ್ದನ್ನು ಯಾರೂ ಕದಿಯಲಾರರು. ದತ್ತಾಂಶ ರಕ್ಷಣೆ ಶುರುವಾಗಬೇಕಾದ್ದು ಅರ್ಜಿ ನಮೂನೆಯಲ್ಲಿ. ಬೀಗದ ಮಾತು ಆಮೇಲಿನದು. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ 2022ರ ಮೇ 27ರಂದು, ಜೆರಾಕ್ಸನ್ನು ಕಂಡಕಂಡಲ್ಲಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ ಎಂಬರ್ಥದ ಪ್ರಕಟಣೆ ಹೊರಡಿಸಿತು. ತಪ್ಪು ತಿಳಿವಳಿಕೆಗೆ ಎಡೆಯಾದೀತೆಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂಪಡೆಯಿತು. ಸೂತ್ರಸಾಹಿತ್ಯದಲ್ಲಿ ಇಷ್ಟು ಅಲ್ಪಾಯುಷಿ ಸೂತ್ರ ಅಪರೂಪ. ಅಂಕಿ ಮರೆಮಾಡಿದ ಆಧಾರ್ ಇಂದಿಗೂ ಪುಕ್ಕಟೆ ಸಿಗುತ್ತದೆ. ಕೇಳುವವರಿಗೇ ಹನ್ನೆರಡೂ ಅಂಕಿ ಬೇಕು.

ಪೂರ್ವಪಕ್ಷ: ‘ನಮ್ಮಂಥ ಬಡ ಸಂಸ್ಥೆಯಲ್ಲಿ ಕದಿಯಲು ಏನಿದೆ?’ ಇದಕ್ಕೆ ಉತ್ತರ ಜಿನೀವಾದಿಂದ ಬಂದಿದೆ. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಸರ್ವರುಗಳಿಗೆ ಯಾರೋ ನುಗ್ಗಿದ್ದು 2022ರ ಜನವರಿಯಲ್ಲಿ ಬೆಳಕಿಗೆ ಬಂತು. ಅಲ್ಲಿದ್ದದ್ದು 5,15,000ಕ್ಕೂ ಹೆಚ್ಚು ಜನರ ವಿವರ: ಯುದ್ಧದಲ್ಲಿ, ವಲಸೆಯಲ್ಲಿ ಮನೆಯವರಿಂದ ಅಗಲಿದವರು, ಕಾಣೆಯಾದವರು, ಬಂಧನದಲ್ಲಿರುವವರು. ಕಳ್ಳರಿಗೆ ದಾರಿ ಕೊಟ್ಟದ್ದು, ಪ್ಯಾಚ್ ಆಗಲೇ ಸಿಗುತ್ತಿದ್ದರೂ ಹಾಕದೆ ಉಳಿದಿದ್ದ ಒಂದು ಸಾಫ್ಟ್‌ವೇರ್ ದೋಷ. ದಿಕ್ಕಿಲ್ಲದವರ ವಿವರ ಬೇಕಾದವರೂ ಇದ್ದಾರೆ ಎನ್ನಲು ಬೇರೆ ಪ್ರಮಾಣ ಬೇಡ. ‘ಹಣವೆಲ್ಲಿ?’ ಎಂಬ ಉಪಪ್ರಶ್ನೆಗೂ ಇದೇ ಉತ್ತರ: ಅಪ್‌ಡೇಟ್ ಒತ್ತುವುದು, ಇಮೇಲಿಗೆ ಎರಡು ಹಂತದ ಪರಿಶೀಲನೆ ಹಾಕುವುದು, ಕೆಲಸ ಬಿಟ್ಟವರ ಲಾಗಿನ್ ಮುಚ್ಚುವುದು, ಯಾವುದಕ್ಕೂ ಕಾಸು ಬೇಕಿಲ್ಲ.

ಮತ್ತೊಂದು ಪೂರ್ವಪಕ್ಷ: ‘ಕಾನೂನು ಬಂದಿದೆಯಲ್ಲ?’ ಬಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2025ರ ನವೆಂಬರಿನಲ್ಲಿ ಅದರ ನಿಯಮಗಳು ಬಂದವು. ಭದ್ರತೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ. ಕಚೇರಿ ಬಾಡಿಗೆಗೇ ಪರದಾಡುವ ಖಜಾಂಚಿ ಈ ಅಂಕಿ ಕಂಡು ಹೆದರುವುದಿಲ್ಲ, ನಗುತ್ತಾರೆ. ಅದೇ ಕಾಯ್ದೆ, ಉದ್ದೇಶ ತೀರಿದ ಮೇಲೆ ವಿವರ ಅಳಿಸಬೇಕೆಂದೂ ಹೇಳುತ್ತದೆ. ಅದಕ್ಕೆ ಸಲಹೆಗಾರರ ಸ್ಲೈಡುಗಳಲ್ಲಿ ಜಾಗವಿಲ್ಲ. ಅಳಿಸುವ ಕೆಲಸಕ್ಕೆ ಬಿಲ್ಲು ಬರೆಯುವುದು ಕಷ್ಟ. ಇನ್ನು ಕಾಗದದಲ್ಲೇ ಉಳಿದದ್ದಕ್ಕೆ ಕಾಯ್ದೆ ಅನ್ವಯಿಸುವುದೇ ಇಲ್ಲ. ಸ್ಕ್ಯಾನ್ ಆಗುವವರೆಗೆ ಬೀರು ಕ್ಷೇಮ. ಅದರಲ್ಲಿ ಹೆಸರಿರುವ ಹೆಂಗಸರಲ್ಲ.

ಕೊನೆಯ ಪೂರ್ವಪಕ್ಷ ಪ್ರಬಲವಾದದ್ದು: ‘ದಾನಿಗಳು ಕೇಳುತ್ತಾರೆ.’ ಫಲಾನುಭವಿಯ ಹೆಸರು, ಫೋನ್, ಜಾತಿ, ಕಾಯಿಲೆ, ಜೊತೆಗೊಂದು ನಗುಮುಖದ ಫೋಟೊ. ಕೇಳಲಿ! ಗಂಡನ ಹೊಡೆತ ತಾಳದೆ ಬಂದವಳ ಹೊಸ ವಿಳಾಸ ಎಕ್ಸೆಲ್ ಹಾಳೆಯಲ್ಲಿ ಕೂತು, ಹಾಳೆ ವಾಟ್ಸಾಪ್ ಗುಂಪಿಗೆ ಬಿದ್ದು, ಆ ಗುಂಪಿನಲ್ಲಿ ಅವಳ ಮೈದುನನ ಗೆಳೆಯನೊಬ್ಬನಿದ್ದರೆ ಮುಗಿಯಿತು. ಅವಳನ್ನು ಹುಡುಕಲು ಯಾವ ಹ್ಯಾಕರನೂ ಬೇಕಿಲ್ಲ. ಎಚ್‌ಐವಿ ಮಾತ್ರೆ ನುಂಗುವವನ ಹೆಸರು ಊರಬಾಯಿಗೆ ಬಿದ್ದರೆ ಬಾಡಿಗೆ ಮನೆ ಹೋಗುತ್ತದೆ, ಕೂಲಿ ಹೋಗುತ್ತದೆ. ಹೊರಬಿದ್ದ ಹೆಸರನ್ನು ಪಾಸ್‌ವರ್ಡಿನಂತೆ ಬದಲಿಸಲಾಗುವುದಿಲ್ಲ. ಹೊಲಿಗೆ ಯಂತ್ರ ಬೇಕಿತ್ತೆಂದು ಸಂಘದ ಹೆಂಗಸೊಬ್ಬಳು ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು, ಒತ್ತದಿದ್ದರೆ ಯಂತ್ರವಿಲ್ಲ. ಇದನ್ನು ‘ತಿಳಿವಳಿಕೆಯುಕ್ತ ಸಮ್ಮತಿ’ ಎಂದು ವರದಿಯಲ್ಲಿ ಬರೆಯುವುದು ನಾಚಿಕೆಗೇಡು. ದಾನಿಗೆ ಎಣಿಕೆ ಕೊಡಿ, ಹೆಸರು ಕೊಡಬೇಡಿ. ತಪಾಸಣೆ ಬೇಕೇ ಬೇಕೆಂದರೆ ಕಚೇರಿಗೆ ಬಂದು ಕಡತ ನೋಡಿ ಹೋಗಲಿ. ಇದಕ್ಕೂ ಒಪ್ಪದ ದಾನಿಯನ್ನು ಬೇಡವೆನ್ನುವುದು ಬಡ ಸಂಸ್ಥೆಗೆ ಕಷ್ಟ, ನಿಜ. ಆದರೆ ಆ ಹಣಕ್ಕೆ ಅಡವು ಬೀಳುವುದು ನಂಬಿ ಬಂದವರ ಬದುಕು. ಅದನ್ನು ಅಡವಿಡುವ ಹಕ್ಕನ್ನು ಸಂಸ್ಥೆಗೆ ಯಾರೂ ಕೊಟ್ಟಿಲ್ಲ.